ಮಾವಿನ ದೋಟಿ ಮತ್ತು ಪುಟ್ಟಿಯ ಫೈನಲ್

ಪುಟ್ಟೀ, ಚಿನ್ನೂ, ನಾಲ್ಕು ಜನ ಸೇರಿದರೆ ನಾನು ಅಡುಗೆಮನೆ ಸೇರಿಬಿಡುವವಳೆಂದು ನಿಮಗೆ ಗೊತ್ತು. ಬಾಯಲ್ಲಿ ಹೇಳಲು ಬಾರದ್ದನ್ನು ಬರೆಯುತ್ತಿದ್ದೇನೆ. ಪುಟ್ಟಿ ಕಬಡ್ಡಿ ಫೈನಲ್ ಆಡಿದ ದಿನ ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ಏನಾಯಿತೆಂದು ನಿಮಗೆ ಪೂರ್ತಿ ತಿಳಿಯದು.

ಅದಕ್ಕೆ ಮುಂಚೆ ನಿಮ್ಮಮ್ಮ ಮಾಲೂರಿನಿಂದ ಬಂದು, ನಮ್ಮ ಡಿಶ್ ತೆಗೆಸಿ, ಇಂಟರ್ನೆಟ್ಟಿನಲ್ಲಿ ಟಿವಿ ಬರುವಂತೆ ಮಾಡಿಸಿದ್ದಳು.

"ಪುಟ್ಟಿ ಮ್ಯಾಚು ಇದ್ರಲ್ಲೇ ಲೈವ್ ಬರೋದಮ್ಮಾ, ಡಿಶ್ಶಲ್ಲಿ ಬರಲ್ಲ" ಎಂದಳು. ಅದೊಂದು ಮಾತಿಗೆ ಒಪ್ಪಿದೆ.

ಆ ಇಂಟರ್ನೆಟ್ ತಂತಿ ಬೀದಿ ದಾಟಿ ಬಂದು ನಮ್ಮ ನುಗ್ಗೆ ಮರಕ್ಕೆ ಬಿಗಿದುಕೊಂಡಿತ್ತು. ಮಾವಿನ ಕಾಲದಲ್ಲಿ ಕ್ರೇಟು ಪೇರಿಸಿದ ಲಾರಿಗಳು ಮಂಡಿಗೆ ಹೋಗುವುದು ಅದರ ಕೆಳಗೇ. ಲಾರಿ ಹಾರ್ನ್ ಹೊಡೆದರೆ ಯಾರಾದರೂ ಹೊರಗೆ ಬಂದು, ಕಾಯಿ ಕೀಳುವ ದೋಟಿಯಿಂದ ತಂತಿಯನ್ನು ಎತ್ತಿ ಹಿಡಿಯಬೇಕು. ಹೆಚ್ಚಾಗಿ ಎದುರು ಮನೆಯ ಆಪಾ ಎತ್ತುತ್ತಿದ್ದರು.

"ನಿಮ್ ಟಿವಿಗೆ ನಾನು ವಾಚ್‌ಮನ್ ಆದೆ ಅಕ್ಕಾ. ಅದೂ ಲೇಟಾಗಿ ಬರೋ ಟಿವಿಗೆ" ಎಂದು ನಗುತ್ತಿದ್ದರು.

ಅವರು ಹೇಳಿದ್ದು ಸುಳ್ಳಲ್ಲ. ಕ್ರಿಕೆಟ್ ಇದ್ದ ದಿನ ಅವರ ಡಿಶ್ಶಿನಲ್ಲಿ ಔಟಾದವನು ನಮ್ಮ ಮನೆಯಲ್ಲಿ ಇನ್ನೂ ಬ್ಯಾಟು ಬೀಸುತ್ತಿದ್ದ.

ಫೈನಲ್ ದಿನ ನಿಮ್ಮಮ್ಮ ಪುಟ್ಟಿಯ ಜೊತೆ ಹೋಗಿದ್ದಳು. ನಾನು ಒಬ್ಬಳೇ ಕೂತು ನೋಡೋಣವೆಂದುಕೊಂಡಿದ್ದರೆ, ನಿಮ್ಮ ಮಾವ ಬೀದಿಗೆಲ್ಲ ಹೇಳಿ ಮಂಡಿಗೆ ಹೋಗಿಬಿಟ್ಟಿದ್ದ. ಹೆಂಗಸರೆಲ್ಲ ಬಂದರು, ಆಪಾ ಕೂಡ. ಮೊದಲರ್ಧದಲ್ಲಿ ಪುಟ್ಟಿಯನ್ನು ಕೆಡವಿದಾಗ ನಾನು ಸೆರಗನ್ನು ಬಾಯಿಗಿಟ್ಟುಕೊಂಡೆ. ಎರಡನೇ ಅರ್ಧದಲ್ಲಿ ಹೊರಗೆ ಲಾರಿಯ ಹಾರ್ನ್ ಎಲ್ಲರಿಗೂ ಕೇಳಿಸಿತು. ಇನ್ನೊಬ್ಬರು ಎದ್ದಾರೆಂದು ಎಲ್ಲರೂ ಕೂತೇ ಇದ್ದೆವು. ಟಿವಿಯಲ್ಲಿ ಪುಟ್ಟಿ ನಿಂತಲ್ಲೇ ನಿಂತಳು, ಅವಳ ಮುಖದ ಮೇಲೆ ಚಕ್ರ ಸುತ್ತತೊಡಗಿತು.

ಓಡಿಹೋಗಿ ನೋಡಿದರೆ ತಂತಿ ನುಗ್ಗೆ ಕೊಂಬೆ ಸಮೇತ ಲಾರಿಯ ಹಿಂದೆ ಹೊರಟಿತ್ತು.

"ದೋಟಿ ನಿನ್ ಪಕ್ಕದಲ್ಲೇ ಇತ್ತಲ್ಲೇ" ಎಂದು ಒಬ್ಬಳು ಇನ್ನೊಬ್ಬಳ ಮೇಲೆ ಹರಿಹಾಯ್ದಳು.

"ನಾನು ಆಟ ನೋಡ್ತಿದ್ನಮ್ಮಾ. ನೀನೇನ್ ಮಾಡ್ತಿದ್ದೆ, ಪೂಜೆನಾ?"

ಬೇರೆ ದಿನವಾಗಿದ್ದರೆ ಹೋಗಲಿ ಬಿಡಿ ಎನ್ನುತ್ತಿದ್ದೆ. ಯಾರನ್ನಾದರೂ ಏನಾದರೂ ಕೇಳಬೇಕಾದರೆ ನಿಮ್ಮ ತಾತನೇ ಕೇಳುತ್ತಿದ್ದರು. ಅವರು ಹೋದ ಮೇಲೆ ನಾನು ಕೇಳದೆಯೇ ದಿನ ಕಳೆದಿದ್ದೆ. ಆದರೆ ಅಲ್ಲಿ ಪುಟ್ಟಿ ಆಡುತ್ತಿದ್ದಳು.

"ಆಪಾ, ನಿಮ್ ಸೊಸೆ ಫೋನು ಸ್ವಲ್ಪ ಹೊತ್ತು ಕೊಡ್ತಾಳಾ?"

"ಇಷ್ಟು ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ಅಕ್ಕಾ?" ಎಂದು ಆಪಾ ಮನೆಗೆ ಓಡಿದರು.

ನರಸಾಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಮಲಗಿದ್ದ ಸೊಸೆ ಕಣ್ಣುಜ್ಜುತ್ತ ಬಂದು, ತನ್ನ ಫೋನಿನ ನೆಟ್ಟನ್ನು ನಮ್ಮ ಟಿವಿಗೆ ಹಾಯಿಸಿದಳು. ನಿದ್ದೆ ಮರೆತು ಹೊಸ್ತಿಲ ಮೇಲೆ ಕೂತಳು.

ಚಿತ್ರ ಬಂದಾಗ ಎರಡೂ ತಂಡಗಳು ಸಮಸಮ. ಕೊನೆಯ ರೈಡಿಗೆ ಪುಟ್ಟಿ ಹೊರಟಳು. ಆಗಲೇ ನನ್ನ ಬಟನ್ ಫೋನು ಬಡಿದುಕೊಂಡಿತು. ನಿಮ್ಮಮ್ಮನ ಕರೆ. ಎಲ್ಲರೂ ನನ್ನತ್ತ ತಿರುಗಿದರು. ಅಲ್ಲಿ ಆಟ ಮುಗಿದಿದೆಯೆಂದು ಎಲ್ಲರಿಗೂ ಅರ್ಥವಾಗಿತ್ತು.

"ಎತ್ತಕ್ಕಾ, ಗೊತ್ತಾಗೋಗುತ್ತೆ" ಎಂದರು ಯಾರೋ.

"ಎತ್ತಲ್ಲ. ನನ್ ಮೊಮ್ಮಗಳು ಇನ್ನೂ ಆಡ್ತಿದ್ದಾಳೆ" ಎಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಫೋನನ್ನು ದಿಂಬಿನಡಿ ತುರುಕಿ, ಅದರ ಮೇಲೆ ಕೂತೆ. ಪುಟ್ಟಿ ಒಬ್ಬಳನ್ನು ಮುಟ್ಟಿ ತಿರುಗಿದಳು. ಇಬ್ಬರು ಹುಡುಗಿಯರು ಅವಳ ಕಾಲಿಗೆ ಜೋತುಬಿದ್ದರು. ಎಳೆದುಕೊಂಡು ಎಳೆದುಕೊಂಡು ಬಂದು, ಬೆರಳ ತುದಿಯಿಂದ ನಡುಗೆರೆ ಮುಟ್ಟಿದಳು. ಆಪಾ ನನ್ನನ್ನು ತಬ್ಬಿಕೊಂಡ ರಭಸಕ್ಕೆ ಇಬ್ಬರೂ ದಿಂಬಿನಿಂದ ಜಾರಿದೆವು.

ಆಮೇಲೆ ಫೋನೆತ್ತಿದೆ. "ಯಾಕಮ್ಮಾ ಇಷ್ಟು ಹೊತ್ತು?" ಎಂದಳು ನಿಮ್ಮಮ್ಮ.

"ನಿನ್ ಮಗಳು ಗೆಲ್ಲಲಿ ಅಂತ ಕಾಯ್ತಿದ್ದೆ ಕಣೇ."

ಈಗ ತಂತಿಯನ್ನು ಎತ್ತರಕ್ಕೆ ಕಟ್ಟಿದ್ದಾರೆ. ವಾಚ್‌ಮನ್ ಕೆಲಸ ಹೋದರೂ ಆಪಾ ಸಂಜೆ ಬರುತ್ತಾರೆ. ನಾನೂ ಅವರ ಮನೆಗೆ ಹೋಗುತ್ತೇನೆ. ಕೆಟ್ಟು ನಿಲ್ಲುವ ಆ ಟಿವಿಯಿಂದ ನನಗೆ ಸಿಕ್ಕ ಲಾಭ ಅದು. ಆ ಆಟವನ್ನು ಬೇಕೆಂದಾಗ ಮತ್ತೆ ನೋಡಬಹುದೆಂದು ಎಲ್ಲರೂ ಹೇಳಿದ್ದರು. ಮೊನ್ನೆ ಆಪಾ ಸೊಸೆಯಿಂದ ಹುಡುಕಿಸಿದೆ, ಈಗ ಅಲ್ಲಿ ಇಲ್ಲವಂತೆ. ಹಾಗಾಗಿ ಪುಟ್ಟಿಯ ಆ ರೈಡ್ ಇರುವುದು ಈ ಹಾಳೆಗಳಲ್ಲಿ ಮಾತ್ರ. ಅವಳ ಜೆರ್ಸಿಯ ಮಡಿಕೆಯಲ್ಲಿಟ್ಟು, ಗೆದ್ದಲು ಹತ್ತದಂತೆ ನೋಡಿಕೊಳ್ಳಿ.