ಡಂಪ್ ಓದಲು ಕಲಿತದ್ದು

ಅರವತ್ತರ ದಶಕದ ಕೊನೆಗೆ ನಾನು ಇಂಡಿಯಿಂದ ಮುಂಬೈಗೆ ಹೋಗಿ ಒಂದು ಕಂಪನಿಯ ಕಂಪ್ಯೂಟರ್ ವಿಭಾಗ ಸೇರಿದೆ. ಅಲ್ಲಿಯ ಮುಖ್ಯಸ್ಥರು ಬಸವನ ಬಾಗೇವಾಡಿ ಕಡೆಯವರು. ನಮ್ಮ ಸೀಮೆಯವರು, ಕೈಹಿಡಿದು ಕಲಿಸುತ್ತಾರೆ ಅಂದುಕೊಂಡಿದ್ದೆ.

"ಊರ ಕಡಿಯಾಂವ ಅಂತ ಸಲಿಗಿ ತಗೋಬ್ಯಾಡ. ಇಲ್ಲಿ ನಾ ನಿಮ್ಮ ಕಾಕಾ ಅಲ್ಲ," ಎಂದರು ಮೊದಲ ದಿನವೇ.

ಯಂತ್ರವನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಿದ್ದೆವು. ಅದರ ಕೆಲವು ಭಾಗಗಳನ್ನು ನಮ್ಮ ವಿಭಾಗದವರೇ ಬರೆದು ಸೇರಿಸಿದ್ದರು. ಅದು ಕುಸಿದಾಗ, ಆ ಗಳಿಗೆಗೆ ಯಂತ್ರದ ನೆನಪಿನಲ್ಲಿ ಇದ್ದುದಷ್ಟೂ ಅಂಕಿ ಅಕ್ಷರಗಳಾಗಿ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಅದೇ ಡಂಪ್. ಆಗ ಸಿಸ್ಟಮ್ ಮೇಲಿಂದ ಮೇಲೆ ಬೀಳುತ್ತಿತ್ತು. ಮುಖ್ಯಸ್ಥರು ಎರಡು ಡಂಪ್ ತಂದು ನನ್ನ ಮೇಜಿನ ಮೇಲೆ ಒಗೆದರು.

"ಇದನ್ನ ಹೆಂಗ ಓದೂದ್ರಿ?"

"ಕಣ್ಣಿಂದ."

ಕೈಪಿಡಿ ಕೇಳಿದರೆ ಕಪಾಟಿಗೆ ಬೀಗ ಹಾಕಿದರು. ದಿನಾ ನೋಡಿ ನೋಡಿ, ಡಂಪಿನಲ್ಲಿ ಎಲ್ಲಿ ಏನಿರುತ್ತದೆ ಎಂಬುದು ಅಷ್ಟಿಷ್ಟು ತಿಳಿಯಿತು.

ತಂಗಿಯ ಮದುವೆಗೆ ಊರಿಗೆ ಹೊರಟಾಗ ಎರಡನ್ನೂ ಟ್ರಂಕಿನಲ್ಲಿ ತುಂಬಿಕೊಂಡೆ. ಮಾಳಿಗೆಯ ಮೇಲೆ ಅಕ್ಕಪಕ್ಕ ಹಾಸಿ ಕೂತಿದ್ದೆ. ಅಣ್ಣ ಮೇಲೆ ಬಂದ.

"ಮದವಿ ಮನ್ಯಾಗ ರದ್ದಿ ಹಾಸಿ ಕುಂತೀಯಲ್ಲೋ, ನಾಚಿಕಿ ಬರಂಗಿಲ್ಲೇನು?"

ಬಾಚಿ ಓಣಿಗೆ ಎಸೆದ. ಅವನ ಅಂಗಿ ಹರಿಯುವಷ್ಟು ಜಗಳಾಡಿ, ಓಣಿಗಿಳಿದು ಹಾಳೆ ಆರಿಸಿ ತಂದೆ. ಬೀಗರು ನಿಂತು ನೋಡಿದರು.

ಹಾಳೆಗಳನ್ನು ಮತ್ತೆ ಸಾಲಿಗೆ ಹಚ್ಚುವಾಗಲೇ ಅದು ಕಣ್ಣಿಗೆ ಬಿತ್ತು. ಒಂದು ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂದು ಸಿಸ್ಟಮ್ ಬರೆದಿಟ್ಟುಕೊಳ್ಳುವ ಜಾಗ ಅದು. ಎರಡೂ ಡಂಪಿನಲ್ಲಿ ಅಲ್ಲಿ ವಿಳಾಸವೇ ಇರಲಿಲ್ಲ. ಕೆಲಸ ಕೊಟ್ಟವರ ಹೆಸರಿನ ಕೊನೆಯ ಅಕ್ಷರಗಳಿದ್ದವು.

ಮುಂಬೈಗೆ ಮರಳಿ ಮುಖ್ಯಸ್ಥರ ಮುಂದೆ ನಿಂತೆ.

"ಹೆಸರಿಗೆ ಇಟ್ಟ ಜಾಗ ಸಾಲವಲ್ದ್ರಿ. ಉದ್ದ ಹೆಸರು ಬಂದ್ರ ಹೊರಗ ಚೆಲ್ಲಿ, ತಿರುಗಿ ಹೋಗೂ ದಾರಿ ಅಳಸ್ತೈತಿ."

"ಆ ಭಾಗ ಯಾರು ಬರದಾರ, ಗೊತ್ತೈತೇನು?"

"ಗೊತ್ತೈತ್ರಿ. ನೀವ."

"ಹೊರಗ ನಡಿ."

ಹೊರಗೆ ಹೋಗಲಿಲ್ಲ. ಅಪ್ಪ, ಅಜ್ಜ, ಊರು, ಮನೆತನ ಎಲ್ಲ ಸೇರಿಸಿ ನನ್ನದೇ ಹೆಸರನ್ನು ಉದ್ದವಾಗಿ, ಯಂತ್ರ ಓದುವ ರಟ್ಟಿನ ಕಾರ್ಡಿನ ಮೇಲೆ ತೂತುಗಳಾಗಿ ಹೊಡೆಸಿ, ಎಲ್ಲರ ಎದುರಿಗೇ ಯಂತ್ರಕ್ಕೆ ಕೊಟ್ಟೆ. ಸಿಸ್ಟಮ್ ಬಿತ್ತು. ಮುಖ್ಯಸ್ಥರ ಮುಖ ಕೆಂಪಾದದ್ದು ನೋಡಿ ನನಗೆ ಹೊಟ್ಟೆತುಂಬ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಅವರೇ ಸದ್ದಿಲ್ಲದೆ ಆ ಭಾಗ ತಿದ್ದಿದರು. ಸಿಸ್ಟಮ್ ಬೀಳುವುದು ನಿಂತಿತು. ನಾನು ಬೇಕೆಂದೇ ಯಂತ್ರ ಕೆಡವಿದೆ ಎಂದು ಮೇಲಿನವರಿಗೆ ದೂರು ಕೊಟ್ಟರು, ಅದೂ ನಿಜವೇ. ನನ್ನನ್ನು ಕಾರ್ಡು ಜೋಡಿಸುವ ಕೆಲಸಕ್ಕೆ ಹಾಕಿದರು. ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋದೆ. ಡಂಪ್ ಓದಬಲ್ಲವನೆಂದೇ ಅಲ್ಲಿ ತೆಗೆದುಕೊಂಡರು.

ವರ್ಷಗಳ ಮೇಲೆ ದೇವರ ಹಿಪ್ಪರಗಿಯ ಬಸ್ ನಿಲ್ದಾಣದಲ್ಲಿ ಆ ಹಳೆಯ ಮುಖ್ಯಸ್ಥರು ಒಮ್ಮೆ ಕಂಡರು. ಮುಖ ತಿರುಗಿಸಿದರು. ನಾನೂ ತಿರುಗಿ ನಿಂತೆ. ಸಿಂದಗಿ ಬಸ್ಸು ಬಂತು, ಇಬ್ಬರೂ ಅದನ್ನೇ ಹತ್ತಿದೆವು. ಅವರು ಮುಂದೆ ಕೂತರು, ನಾನು ಹಿಂದೆ.