ಟವೆಲ್ಲಿನ ಕೆಳಗಿನ ಊಟ

ಬಾಯಲ್ಲಿ ನೀರೂರುವುದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ನಾನೂ ಕಟ್ಟಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ದನದ ಸಂತೆಯಲ್ಲಿ ಅರ್ಧ ಆಯುಷ್ಯ ಕಳೆದ ದಲ್ಲಾಳಿ ನಾನು. ಎತ್ತಿನ ಕೊಂಬಿಗೆ, ಗೊರಸಿಗೆ, ಬೆನ್ನ ಮೇಲಿನ ಸುಳಿಗೆ, ಕೊನೆಗೆ ಅದು ಬಾಲ ಬೀಸುವ ಗತ್ತಿಗೂ ಬೆಲೆ ಕಟ್ಟಿ ಗಿರಾಕಿಯಿಂದ ವಸೂಲು ಮಾಡಿದ್ದೇನೆ. ಆದರೆ ಜೊಲ್ಲು ಕೂಡ ಒಂದು ಸರಕು, ಅದು ಬತ್ತಿದರೆ ಯಾವ ಸಂತೆಯಲ್ಲೂ ಸಿಗುವುದಿಲ್ಲ ಎಂದು ಗೊತ್ತಾದದ್ದು ಹೋದ ವರ್ಷ, ಕರೆಂಟು ಹಿಡಿಸಿಕೊಂಡು ಬಂದ ಮೇಲೆ.

ಕರೆಂಟು ಎಂದರೆ ದೀಪದ್ದಲ್ಲ. ಅದು ನಮ್ಮ ಗೊಳಸಂಗಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ಯಾನ್ಸರಿಗೆ ಬಿಡುವ ಕಿರಣಕ್ಕೆ ನಮ್ಮ ಕಡೆಯವರು ಹಾಗೆನ್ನುತ್ತಾರೆ. ತಂಬಾಕಿಗೆ ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಒತ್ತಿಡುವುದು ನನ್ನ ಕಸುಬಿನ ಭಾಗವೇ ಆಗಿತ್ತು. ಗಿರಾಕಿ ಬೆಲೆ ಕೇಳಿದ ಕೂಡಲೇ ಉತ್ತರ ಕೊಡದೆ ಇರಬೇಕಾದರೆ ಬಾಯಲ್ಲಿ ಏನಾದರೂ ಇರಬೇಕಲ್ಲ! ಅದೇ ಕೆನ್ನೆಯೊಳಗೆ ಹುಣ್ಣಾಯಿತು, ಮಾಯಲಿಲ್ಲ. ಗಡಿಯಾಚೆಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ನನ್ನ ಬಾಯಿ ತೆರೆಸಿ, ಬ್ಯಾಟರಿ ಬೆಳಕು ಬಿಟ್ಟು ನೋಡಿ, ಸುಮ್ಮನಾದರು. ಆ ಮೌನ ನನಗೆ ಚೆನ್ನಾಗಿ ಗುರುತಿನದು. ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ಗಿರಾಕಿ, ಐಬು ಕಂಡಾಗ ಹಾಗೆಯೇ ಸುಮ್ಮನಾಗುತ್ತಾನೆ. ವ್ಯತ್ಯಾಸ ಇಷ್ಟೇ, ಈ ಸಲ ಹಗ್ಗ ನನ್ನ ಕೈಯಲ್ಲಿರಲಿಲ್ಲ, ಮೂಗಿನಲ್ಲಿತ್ತು.

ಅರ್ಧ ಕರೆಂಟು ಮುಗಿಯುವ ಹೊತ್ತಿಗೆ ಬಾಯಿ ಒಲೆಯಾಗಿತ್ತು. ಡಾಕ್ಟರು ನನ್ನನ್ನೂ ನನ್ನ ಹೆಂಡತಿ ನೀಲವ್ವನನ್ನೂ ಕೂರಿಸಿಕೊಂಡು ಹೇಳಿದರು: "ಈಗ ಊರಿಗೆ ಹೋಗ್ರಿ. ಹುಣ್ಣು ಮಾಯಲಿ. ಅಮಾಸಿ ದಾಟಿಸಿಕೊಂಡು ಬರ್ರಿ, ಉಳಿದರ್ಧ ಕೊಡತೇವಿ. ಆದ್ರ ತೂಕ ಇಳಿಸಿಕೊಂಡು ಬಂದ್ರ ಕೊಡಾಕ ಬರಂಗಿಲ್ಲ, ಮೈ ತಡಿಯಂಗಿಲ್ಲ. ಅರ್ಧಕ್ಕ ಬಿಟ್ರ ಜಡ್ಡು ತಿರುಗಿ ಬರತೈತಿ, ನೆನಪಿರಲಿ."

ಏಳುವ ಮುಂಚೆ ನೀಲವ್ವ, ಎಲ್ಲ ರೋಗಿಗಳ ಹೆಂಡಂದಿರೂ ಕೇಳುವುದನ್ನೇ ಕೇಳಿದಳು: "ಪಥ್ಯ ಏನ್ರಿ ಸಾಹೇಬ್ರ?"

"ಪಥ್ಯ ಏನೂ ಇಲ್ಲವ್ವಾ. ಮನಸ್ಸು ಏನು ಕೇಳತೈತಿ ಅದನ್ನ ತಿನ್ನಲಿ."

ನೀವು ಬೇರೆ ಕಡೆಯವರಾಗಿದ್ದರೆ ಇಲ್ಲಿ ನೆಮ್ಮದಿಯ ಉಸಿರು ಬಿಟ್ಟಿರುತ್ತೀರಿ. ನಮ್ಮಿಬ್ಬರ ಎದೆ ಧಸಕ್ಕೆಂದಿತು.

ಯಾಕೆಂದರೆ ನಮ್ಮಲ್ಲಿ ಪಥ್ಯವೆಂದರೆ ಬರೀ ಊಟದ ಕಟ್ಟುಪಾಡಲ್ಲ, ರೋಗಿ ಬದುಕುತ್ತಾನೆ ಎಂಬುದಕ್ಕೆ ವೈದ್ಯ ಕೊಡುವ ಮುಂಗಡ. ಗಾಯವಾದವನಿಗೆ ಬದನೆಕಾಯಿ ನಂಜು, ಕೆಮ್ಮಿದವನಿಗೆ ಮೊಸರು ವಿಷ, ಜ್ವರದವನಿಗೆ ಶೇಂಗಾದ ಹೆಸರೂ ಕೂಡದು. ವೈದ್ಯ ಬೇಡ ಬೇಡ ಎಂದಷ್ಟೂ ಮನೆಯವರಿಗೆ ಧೈರ್ಯ. ಬೇಕಾದ್ದು ತಿನ್ನಲಿ ಎಂದು ಆತ ಹೇಳುವುದು ಒಂದೇ ಸಂದರ್ಭದಲ್ಲಿ, ಕೈಚೆಲ್ಲಿ ಚೀಲ ಕಟ್ಟಿಕೊಂಡು ಹೊರಡುವಾಗ. ನನ್ನ ಅಪ್ಪನಿಗೆ ಹಾಗೆಯೇ ಹೇಳಿದ್ದರು. ಆಮೇಲೆ ನಾವೆಲ್ಲ ಹಾಸಿಗೆಯ ಸುತ್ತ ಕೂತು "ಏನರ ತಿನ್ನಬೇಕು ಅನಸ್ತೈತೇನು?" ಎಂದು ಕೇಳಿದ್ದೆವು. ಅವನು ಮಾದಲಿ ಕೇಳಿದ. ಗೋಧಿಯ ದಪ್ಪ ರೊಟ್ಟಿಯನ್ನು ಕುಟ್ಟಿ ಬೆಲ್ಲ ಬೆರೆಸಿ ಮಾಡುವ ಮಾದಲಿ. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡ, ಅಷ್ಟೇ.

ಆದ್ದರಿಂದ ಆ ದಿನ ಬಸ್ಸಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ನನಗಂತೂ ಮಾತಾಡಿದರೆ ಕೆನ್ನೆಯೊಳಗೆ ಜಾಲಿಮುಳ್ಳು ಎಳೆದಂತಾಗುತ್ತಿತ್ತು. ಆಕೆಗೆ ಏನು ಅಡ್ಡಿಯಿತ್ತೋ ನಾನು ಕೇಳಲಿಲ್ಲ. ಉಳಿದರ್ಧಕ್ಕೆ ಬರ್ರಿ ಎಂದದ್ದು ಬರೀ ಸಮಾಧಾನದ ಮಾತು, ಡಾಕ್ಟರು ಕೈಬಿಟ್ಟಿದ್ದಾರೆ ಎಂದು ನನಗೆ ಗೊತ್ತು, ಆಕೆಗೆ ಅದು ಹೊಳೆದಿಲ್ಲ ಎಂದು ನಾನು ತಿಳಿದೆ. ಆಕೆಯೂ ಹಾಗೆಯೇ ತಿಳಿದಿದ್ದಳು. ಒಂದೇ ಗಂಟನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಊರಿಗೆ ತಂದೆವು.

ಮನೆಗೆ ಬಂದವಳೇ ನೀಲವ್ವ ಡಾಕ್ಟರು ಹಾಕದ ಪಥ್ಯವನ್ನು ತಾನೇ ಹಾಕಿದಳು. ಪಥ್ಯವಿದ್ದರೆ ಬದುಕು, ಇಲ್ಲದಿದ್ದರೆ ಇಲ್ಲ ಎಂದಮೇಲೆ ಇರಲಿ ಪಥ್ಯ! ಉಪ್ಪಿಲ್ಲದ ಅಕ್ಕಿಗಂಜಿ, ಅದರ ಮೇಲಿನ ತಿಳಿ, ಮತ್ತೆ ಗಂಜಿ. ಮಾತಾಡಿಸಲು ಬಂದವರು ತಲೆಗೊಂದರಂತೆ ಕೂಡಿಸಿದರು. ಒಬ್ಬರು ಹಾಲು ನಂಜೆಂದರು, ಇನ್ನೊಬ್ಬರು ತುಪ್ಪ ನಂಜೆಂದರು. ಬೇಳೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಅದು ಉಳಿದೀತು ಎಂದು ಆಸೆಯಿಂದಿದ್ದೆ. ಸೋದರತ್ತೆಯ ಮಗ ಬಂದು ಅದನ್ನೂ ಮುಗಿಸಿ ಹೋದ. ನಾನು ಎಂದೂ ಯಾರ ಸಲಹೆಯನ್ನೂ ಕೇಳಿದವನಲ್ಲ, ಕೊಟ್ಟವನು. ಸಲಹೆ ತಿನ್ನುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಆ ಗಂಜಿಯೂ ಇಳಿಯುತ್ತಿರಲಿಲ್ಲ. ಅದಕ್ಕೇ ನಮ್ಮಿಬ್ಬರ ನಡುವೆ ಟವೆಲ್ಲಿನ ವ್ಯಾಪಾರ ಶುರುವಾದದ್ದು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ಲು ಹಾಕಿ, ಅದರ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಕುದುರಿಸುತ್ತೇವೆ. ಸುತ್ತ ನಿಂತವರಿಗೆ ಟವೆಲ್ಲು ಅಲ್ಲಾಡುವುದಷ್ಟೇ ಕಾಣುತ್ತದೆ. ಮಾತಾಡಲಾಗದ ನಾನು ಹಾಗೆಯೇ ಹೆಗಲ ಟವೆಲ್ಲನ್ನು ಕೈಮೇಲೆ ಹಾಕಿ ಒಂದು ಬೆರಳು ಕೊಡುತ್ತಿದ್ದೆ, ಇನ್ನೊಂದೇ ಗುಟುಕು ಎಂದು. ನೀಲವ್ವನಿಗೆ ಈ ವಿದ್ಯೆ ಬಾರದು. ಬೆರಳು ಬಿಟ್ಟು ಇಡೀ ಮುಷ್ಟಿಯನ್ನೇ ಹಿಡಿದು ಹಿಂಡುತ್ತಿದ್ದಳು, ಬಟ್ಟಲು ಪೂರ್ತಿ ಎಂದು. ಅವಳಂಥ ಗಿರಾಕಿ ಸಂತೆಗೆ ಬಂದಿದ್ದರೆ ನಾನು ಎಂದೋ ಕಸುಬು ಬಿಟ್ಟು ಟ್ರ್ಯಾಕ್ಟರು ಓಡಿಸುತ್ತಿದ್ದೆ.

ಆದರೆ ಅಂಗಿ ಸುಳ್ಳು ಹೇಳುವುದಿಲ್ಲ. ಹೆಗಲ ಹೊಲಿಗೆ ತೋಳಿಗೆ ಜಾರಿತು. ಧೋತರದ ಗಂಟು ದಿನಾ ಬಿಗಿ ಮಾಡಬೇಕಾಯಿತು. ಒಂದು ಮುಂಜಾನೆ ನನ್ನ ಜೊತೆಯ ದಲ್ಲಾಳಿ ಸಿದ್ರಾಮ ಬಂದ. ಬಾಗಿಲಲ್ಲೇ ನಿಂತು, ಮುಖ ನೋಡದೆ, ಪಕ್ಕೆ ನೋಡಿದ. ಎತ್ತು ನೋಡುವ ನೋಟ ಅದು. ನಾನೇ ಅವನಿಗೆ ಕಲಿಸಿದ್ದು.

"ಏನೋ ಮಲ್ಲಪ್ಪಣ್ಣ, ಪಕ್ಕಡಿ ಎಲುಬು ಹೊರಗ ನಿಂತ ಎಣಿಸಾಕ ಬರಾಕತ್ತಾವಲ್ಲೋ! ವೈನೀ, ಇಂವಗ ಏನ್ ಹಾಕಾಕತ್ತೀರಿ?"

"ಪಥ್ಯ ಐತಿ," ಎಂದಳು ನೀಲವ್ವ, ಅವನ ಮುಖ ನೋಡದೆ.

ಅವನು ನಗುತ್ತಲೇ ಹೋದ. ಆದರೆ ಓಣಿಯ ತಿರುವಿನಲ್ಲಿ ತಲೆಯ ಮೇಲಿನ ಟೋಪಿ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತದ್ದು ಕಿಟಕಿಯಿಂದ ಕಂಡಿತು. ಆ ದಿನ ನಾನು ಗಂಜಿಯನ್ನು ಮುಟ್ಟಲೇ ಇಲ್ಲ. ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ದವಾಖಾನೆಯ ತಕ್ಕಡಿ ಗೋಡೆಗೆ ಒರಗಿಕೊಂಡು ನನಗಾಗಿ ಕಾಯುತ್ತಿದೆ ಎನಿಸುತ್ತಿತ್ತು.

ಅಷ್ಟರಲ್ಲಿ ತಾಂಬಾದಿಂದ ತಂಗಿ ಗಂಗವ್ವ ಬಂದಳು. ಬಸ್ಸು ಬದಲಿಸಿ ಬದಲಿಸಿ, ಒಂದು ಕೈಯಲ್ಲಿ ಇಂಡಿಯ ನಿಂಬೆಹಣ್ಣಿನ ಚೀಲ, ಇನ್ನೊಂದರಲ್ಲಿ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದಳು. ಮಾದಲಿ. ಏಲಕ್ಕಿಯ ವಾಸನೆ ಕೋಣೆ ತುಂಬಿತು. ನನ್ನ ಹಾಸಿಗೆಯ ಅಂಚಿಗೆ ಕೂತು ಕೇಳಿದಳು: "ಅಣ್ಣಾ, ಏನ್ ತಿನ್ನಬೇಕು ಅನಸ್ತೈತಿ ನಿನಗ?"

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ನೀಲವ್ವ ಓಡಿಬಂದು ಡಬ್ಬಿಯ ಮುಚ್ಚಳ ಕಿತ್ತುಕೊಂಡು ಮುಚ್ಚಿದಳು.

"ಹಂಗ ಕೇಳಬ್ಯಾಡವಾ! ಮಾವಾರಿಗೆ ಕೇಳಿದಂಗ ಕೇಳಬ್ಯಾಡ! ಅದನ್ನೂ ಯಾಕ ತಂದಿ?"

"ಅಯ್ಯ ವೈನೀ, ಅಪ್ಪ ಆವಾಗ ನೀರು ಕುಡಿಯೂದನ್ನೂ ಬಿಟ್ಟಿದ್ದ. ಇಂವ ಇನ್ನೂ ಕಣ್ಣಾಗ ಜಗಳಾ ಇಟಕೊಂಡಾನ ನೋಡ್ರಿ. ಅಲ್ಲ, ಡಾಕ್ಟರ ಏನಂದ್ರು?"

ನೀಲವ್ವ ಮುಚ್ಚಳವನ್ನು ಒತ್ತಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಇಷ್ಟು ದಿನ ಬಚ್ಚಿಟ್ಟ ಗಂಟು ಆಗ ಬಿಚ್ಚಿತು. "ಪಥ್ಯ ಇಲ್ಲ ಅಂದ್ರವಾ. ಬೇಕಾದ್ದು ತಿನ್ನಲಿ ಅಂದ್ರು. ಇವ್ರಿಗೆ ಅದರ ಅರ್ಥ ತಿಳಿಬಾರದು ಅಂತ..."

ಗಂಗವ್ವ ನೀಲವ್ವನ ಪಕ್ಕಕ್ಕೆ ಇಳಿದು ಕೂತು ಕೇಳಿದಳು: "ಮತ್ತ ತಿರುಗಿ ಬರ್ರಿ ಅಂದಾರೇನು, ಇಲ್ಲಾ?"

"ಅಂದಾರ. ಉಳಿದ ಕರೆಂಟ್ ಕೊಡತೇವಿ, ತೂಕ ಇಳಿಬಾರದು ಅಂದಾರ."

ಅಷ್ಟು ಸಾಕಾಯಿತು. ನಾನು ಎಂಥ ದಲ್ಲಾಳಿ! ಸಂತೆಯಲ್ಲಿ ವ್ಯಾಪಾರ ಬೇಡವಾದವನು ಟವೆಲ್ಲಿನ ಕೆಳಗಿಂದ ಕೈ ಎಳೆದುಕೊಂಡು ಹೋಗಿಬಿಡುತ್ತಾನೆ. ಮುಂದಿನ ಸಂತೆಗೆ ಎತ್ತನ್ನು ಮೇಯಿಸಿಕೊಂಡು ಬಾ ಎನ್ನುವವನು ಕೊಳ್ಳುವವನು! ಈ ಮಾತನ್ನು ನಾನು ಎಷ್ಟು ಹೊಸಬರಿಗೆ ಹೇಳಿಕೊಟ್ಟಿಲ್ಲ? ಡಾಕ್ಟರು ಕೈ ಹಿಡಿದೇ ಇದ್ದರು. ನಾವೇ ಪಥ್ಯದ ಹೆಸರಿನಲ್ಲಿ ಕೈ ಬಿಡಿಸಿಕೊಂಡು, ಬದುಕಬೇಕಾದವನನ್ನು ಬದುಕಲೆಂದೇ ಉಪವಾಸ ಕೆಡವಿದ್ದೆವು.

ಕೆನ್ನೆಯ ಮುಳ್ಳನ್ನು ಲೆಕ್ಕಿಸದೆ ಹೇಳಿದೆ: "ಹಾಲಾಗ ನೆನಿಸು."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ನೀಲವ್ವ ಎದ್ದಳು. ಹಾಲು ಕಾಸಿ, ಆರಿಸಿ, ಮಾದಲಿಯನ್ನು ಅದರಲ್ಲಿ ಮುದ್ದೆಯಾಗುವಂತೆ ನೆನೆಸಿ, ತುಪ್ಪ ಬಿಟ್ಟು ತಂದಳು. ಮೊದಲ ತುತ್ತು ಒಳಗಿಟ್ಟಾಗ ನನಗೂ ಅಪ್ಪನ ನಾಲಿಗೆ ನೆನಪಾಗದೆ ಇರಲಿಲ್ಲ. ಅದನ್ನು ನುಂಗಿ, ನೀರು ಗುಟುಕರಿಸಿ, ಮತ್ತೆ ಬಾಯಿ ತೆರೆದೆ. ಎರಡನೆಯ ತುತ್ತಿಗೆ ನೀಲವ್ವ ಅಳತೊಡಗಿದಳು. ಅಪ್ಪ ಎರಡನೆಯದನ್ನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ನಾನು ನನ್ನನ್ನು ಎತ್ತೆಂದು ತಿಳಿದುಕೊಂಡೆ. ಇದನ್ನು ಅವಮಾನವೆಂದು ಭಾವಿಸಬೇಡಿ. ಬಡಕಲಾದ ಎತ್ತನ್ನು ಮೇಯಿಸುವಾಗ ನಾವು ಯಾರೂ ಅದಕ್ಕೆ ಪಥ್ಯ ಹಾಕುವುದಿಲ್ಲ. ಹಿಂಡಿಯನ್ನು ನೆನೆಸಿ, ಹುರುಳಿಯನ್ನು ಬೇಯಿಸಿ, ಉಂಡೆ ಮಾಡಿ, ತಿಂದಷ್ಟು ತಿನ್ನಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಂದಿಡುತ್ತೇವೆ. ಎದುರಿಗೆ ರಾಶಿ ಸುರಿದರೆ ಅದು ಮೂಸಿ ಮುಖ ತಿರುಗಿಸುತ್ತದೆ. ಎತ್ತಿಗೆ ಇರುವಷ್ಟು ಬುದ್ಧಿ ಹೊಟ್ಟೆಗೂ ಇರುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಹೇಳಿಬಿಡುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಬಟ್ಟಲು ಚಿಕ್ಕದಿರಲಿ, ಸರದಿ ಬೇಗ ಬೇಗ ಬರಲಿ. ಬಾಯೊಳಗಿನ ಹುಣ್ಣು ಹಸಿಯಿರುವಾಗ ಖಾರ, ಹುಳಿ, ಸುಡುವುದು, ಗಟ್ಟಿಯಾದದ್ದು ದೂರವಿರಲಿ. ಖಡಕ್ ರೊಟ್ಟಿ ತಿನ್ನದವನು ಗಂಡಸೇ ಅಲ್ಲ ಎನ್ನುವ ಊರು ನಮ್ಮದು. ಆ ಗಂಡಸುತನವನ್ನು ಸದ್ಯಕ್ಕೆ ಗೂಟಕ್ಕೆ ನೇತುಹಾಕಿ, ಮೆತ್ತನೆಯ ರೊಟ್ಟಿಯನ್ನು ಮುರಿದು ಬೇಳೆಯ ಕಟ್ಟಿನಲ್ಲಿ ಕರಗಿಸಿ ಕೊಡಿ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಕೆನೆಮೊಸರು ಬೆರೆಸಿ. ಗೋಧಿ ರವೆ, ಬೆಲ್ಲದ ಸಜ್ಜಕಕ್ಕೆ ತುಪ್ಪ ಬಿಡುವಾಗ ಕೈ ಹಿಡಿಯಬೇಡಿ. ಜೊಲ್ಲಿಲ್ಲದವನ ಪಕ್ಕದಲ್ಲಿ ನೀರಿನ ತಂಬಿಗೆ ಸದಾ ಇರಲಿ. ನಿಮ್ಮ ಡಾಕ್ಟರನ್ನು ಕೇಳಿ, ಓಣಿಯನ್ನಲ್ಲ. ಮೊಟ್ಟೆಯ ನೆರಳೂ ಬೀಳದ ನಮ್ಮ ಮನೆಯಲ್ಲಿ ನನಗೆ ಯಾರೋ ತತ್ತಿ ಒಳ್ಳೆಯದೆಂದರು. ಆ ಯಾರೋ ಯಾರೆಂದು ನೀಲವ್ವ ಕೇಳಿದಳು. ನಾನು ತಕ್ಷಣ ಮರೆತೆ. ಆ ವ್ಯಾಪಾರವನ್ನು ಶೇಂಗಾದ ಹಾಲಿಗೆ ಮುಗಿಸಿಕೊಂಡೆವು.

ಆದರೂ ಕಳೆದ ದಿನಗಳು ಕಳೆದೇ ಹೋಗಿದ್ದವು. ಉಳಿದಷ್ಟರಲ್ಲಿ ಮೈ ತುಂಬೀತೇ? ಅಂಗಿಯ ಹೊಲಿಗೆ ಹೆಗಲಿಗೆ ಏರಿದೆ ಎಂದು ನೀಲವ್ವ ಹೇಳುತ್ತಿದ್ದಳು. ಅವಳು ಹೇಳದೆ ಇನ್ನೇನು ಹೇಳಿಯಾಳು! ಅಮಾವಾಸ್ಯೆ ದಾಟಿ ದವಾಖಾನೆಗೆ ಹೋದ ಮುಂಜಾನೆ, ಸರದಿ ಬರುವ ಮುಂಚೆ ನಾನು ನಲ್ಲಿಯ ಕೆಳಗೆ ನಿಂತೆ. ಸಂತೆಗೆ ಹೊಡೆಯುವ ಮುಂಚೆ ಎತ್ತಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಂತೆ ನೀರು ಕುಡಿಸಿ, ಪಕ್ಕೆ ತುಂಬಿಸುವವರನ್ನು ಬೇಕಾದಷ್ಟು ಕಂಡವನು ನಾನು. ಬೊಗಸೆ ಹಿಡಿದಾಗ ನೀಲವ್ವ ಬಂದು ಕೈ ಹಿಡಿದಳು.

"ಯಾರಿಗೆ ಮಾರಾಕ ಹೊಂಟೀರಿ?" ಎಂದಳು. "ಸುಳ್ಳು ತೂಕಕ್ಕ ಖರೇ ಕರೆಂಟ್ ಕೊಟ್ರ ತಡ್ಕೊಳ್ಳಾವ್ರು ನೀವ ಅಲ್ಲೇನು?"

ಬೊಗಸೆಯ ನೀರು ಚೆಲ್ಲಿದೆ. ತಕ್ಕಡಿ ಹತ್ತಿದೆ. ಡಾಕ್ಟರು ತೂಕದ ಗುಂಡನ್ನು ದಂಡಿಗೆಯ ಪಟ್ಟಿಯ ಮೇಲೆ ಅತ್ತ ಸರಿಸಿದರು, ಇತ್ತ ಸರಿಸಿದರು, ಮತ್ತೆ ಅತ್ತ. ಹಿಂದಿನ ಸಲದ ಗುರುತಿಗೆ ಬಂದಾಗ ದಂಡಿಗೆ ಸ್ವಲ್ಪ ತೂಗಾಡಿತು, ಮೇಲೆ ಹೋಗಲೋ ಕೆಳಗೆ ಇಳಿಯಲೋ ಎಂದು ಕುದುರಿಸುವವರಂತೆ. ಕೊನೆಗೆ ಕೂದಲೆಳೆಯಷ್ಟು ಮೇಲಕ್ಕೆ ನಿಂತಿತು.

"ನಡೀತೈತಿ," ಎಂದರು ಡಾಕ್ಟರು.

ಉಳಿದರ್ಧ ಕರೆಂಟೂ ಆಯಿತು. ಬಾಯಿ ಮತ್ತೆ ಒಲೆಯಾಯಿತು, ಮತ್ತೆ ಆರುತ್ತಾ ಬಂತು. ಊರಿಗೆ ಕಳಿಸುವ ದಿನ ಡಾಕ್ಟರು ಮತ್ತೆ ಅದೇ ಮಾತು ಹೇಳಿದರು, ಪಥ್ಯ ಏನೂ ಇಲ್ಲ ಎಂದು. ಅರ್ಥ ಗೊತ್ತಿದ್ದೂ ನೀಲವ್ವನ ಮುಖ ಕಪ್ಪಿಟ್ಟಿತು. ತಲೆತಲಾಂತರದ ಹೆದರಿಕೆ ಒಂದು ಡಬ್ಬಿ ಮಾದಲಿಗೆ ಹೋಗುವುದಿಲ್ಲ. ನಾನು ಕೈಮುಗಿದು ಹೇಳಿದೆ:

"ಸಾಹೇಬ್ರ, ಒಂದರ ಪಥ್ಯ ಹಾಕಿ ಕಳಸ್ರಿ. ಇಲ್ಲಾಂದ್ರ ಈಕಿಗೆ ನಿದ್ದಿ ಬರಂಗಿಲ್ಲ."

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ಕೇಳ್ರಿ. ತಂಬಾಕು. ಮುಟ್ಟಬಾರದು."

"ಎಷ್ಟ ದಿನಾರೀ?" ಎಂದಳು ನೀಲವ್ವ.

"ಮುದುಕ ಆಗಿ, ಬಾಯಾಗಿನ ಹಲ್ಲೆಲ್ಲಾ ತಾವ ಉದುರಿ ಬೀಳೋ ತನಕ."

ಎತ್ತಿನ ಹಲ್ಲು ನೋಡಿ ಇನ್ನೆಷ್ಟು ವರ್ಷ ದುಡಿದೀತೆಂದು ಹೇಳುವವನು ನಾನು. ನಾಲಿಗೆಯಿಂದ ನನ್ನ ಹಲ್ಲುಗಳನ್ನು ತಡವಿ ನೋಡಿಕೊಂಡೆ. ಒಂದೂ ಅಲ್ಲಾಡಲಿಲ್ಲ. ಪಕ್ಕದಲ್ಲಿ ನೀಲವ್ವ, ಟವೆಲ್ಲಿನ ಕೆಳಗೆ, ಎಂದಿನಂತೆ ನನ್ನ ಇಡೀ ಮುಷ್ಟಿಯನ್ನು ಹಿಡಿದುಕೊಂಡಿದ್ದಳು. ಜೀವಮಾನದಲ್ಲಿ ಮೊದಲ ಸಲ ನಾನು ಎದುರಿನವರು ಕೇಳಿದ ಬೆಲೆಗೇ ಒಪ್ಪಿದೆ, ಒಂದು ಬೆರಳನ್ನೂ ಬಿಡಿಸಿಕೊಳ್ಳದೆ.