ವಾಲಿದ ಜ್ವಾಲೆ, ಐವತ್ತೆರಡು ಕೋಟು

ಕಂಕನಾಡಿಯ ನಮ್ಮ ಅಂಗಡಿಯಲ್ಲಿ ಬಿಳಿ ಕೋಟು ಹೊಲಿಯುವುದು ಸೊಸೆ, ಅದರ ಎದೆಯ ಮೇಲೆ ನೂಲಿನಲ್ಲಿ ಲೋಗೋ ಹಾಕುವುದು ನಾನು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಣ್ಣಿಗೆ ಕಂಡದ್ದನ್ನು ಸೂಜಿಯಲ್ಲಿ ತರಬಲ್ಲೆ.

ನಾವು ನರ್ಸಿಂಗ್ ಕೋಟು ಹೊಲಿದು ಕೊಡುವ ವಿಶ್ವವಿದ್ಯಾನಿಲಯದ ಲೋಗೋದಲ್ಲಿ ಒಂದು ದೀಪವಿದೆ. ಅದರ ಜ್ವಾಲೆ ಬಲಕ್ಕೆ ವಾಲಿದೆ, ಗಾಳಿಗೆ ಸಿಕ್ಕಿ ಇನ್ನೇನು ಆರಿಹೋಗುವ ಹಾಗೆ. ನರ್ಸಿಂಗ್ ಹುಡುಗಿಯರ ಎದೆಯ ಮೇಲೆ ಅಂಥದ್ದು ಬೇಡವೆಂದು ನಾನು ಅದನ್ನು ನೇರ ಮಾಡಿ ಹೊಲಿದೆ. ಮೂರು ವರ್ಷ ಹಾಗೆಯೇ ಹೊಲಿದೆ. ಯಾರೂ ಒಂದು ಮಾತು ಹೇಳಲಿಲ್ಲ.

ಈ ವರ್ಷ ಲೋಗೋ ನೋಡಿಕೊಳ್ಳುವುದಕ್ಕೆಂದೇ ಅಲ್ಲಿಗೆ ಒಬ್ಬ ಅಧಿಕಾರಿ ಬಂದಿದ್ದಾನೆ. ಶನಿವಾರ ಹುಡುಗಿಯರು ದೀಪ ಹಿಡಿದು ಪ್ರತಿಜ್ಞೆ ಮಾಡುವ ಕಾರ್ಯಕ್ರಮ, ಕೋಟಿಲ್ಲದವರಿಗೆ ಸಾಲಿನಲ್ಲಿ ಜಾಗವಿಲ್ಲ. ಬುಧವಾರ ಅವನು ನಾವು ಈ ಸಲ ಹೊಲಿದು ಕೊಟ್ಟಿದ್ದ ಐವತ್ತೆರಡು ಕೋಟನ್ನೂ ಗಂಟು ಕಟ್ಟಿ ವಾಪಸು ತಂದ.

"ಅಮ್ಮಾ, ಜ್ವಾಲೆ ನೇರ ಉಂಟಲ್ಲ. ಹೀಗೆ ಮಾಡ್ಲಿಕ್ಕಿಲ್ಲ."

"ಮೂರು ವರ್ಷದಿಂದ ನೇರವೇ ಉಂಟು. ಆಗ ಎಂತ, ನಿಮಗೆ ಕಣ್ಣಿರ್ಲಿಲ್ವಾ?"

"ಆಗ ನಾನಿರ್ಲಿಲ್ಲ. ಲೋಗೋ ಎಲ್ಲ ಕಡೆ ಒಂದೇ ರೀತಿ ಇರ್ಬೇಕು. ರೂಲ್ಸಿನ ಪುಸ್ತಕದಲ್ಲಿ ಉಂಟು."

"ಒಂದೇ ರೀತಿಯಾ? ನಿಮ್ಮ ಬಸ್ಸಿನಲ್ಲಿ ಹಸಿರು, ಗೇಟಿನಲ್ಲಿ ನೀಲಿ. ಮೊದಲು ಆ ಬಸ್ಸನ್ನು ಬಿಚ್ಚಿ ಹೊಲೀರಿ ಮಾರಾಯ್ರೆ!"

ಸೊಸೆ ಬಾಯಿಗೆ ಬಟ್ಟೆ ಹಿಡಿದು ನಕ್ಕಳು. ಅವನು ನಗಲಿಲ್ಲ. ಸ್ಕೇಲು ತೆಗೆದು ದೀಪದ ಅಗಲ ಅಳೆದ. ಅದು ಸರಿಯಾಗಿತ್ತು. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ತಪ್ಪು ನನ್ನದೇ. ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಲಿಯಬೇಕಿತ್ತು. ಆದರೆ ಇಷ್ಟು ವರ್ಷ ಸುಮ್ಮನಿದ್ದವರು ಕಾರ್ಯಕ್ರಮ ತಲೆಯ ಮೇಲೆ ಬಂದಾಗ ಪುಸ್ತಕ ಹಿಡಿದುಕೊಂಡು ಬಂದದ್ದಕ್ಕೆ ಏನು ಹೇಳುವುದು?

ಹೊಲಿಗೆ ಬಿಚ್ಚಿದರೆ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. ನೀರು ಚಿಮುಕಿಸಿ, ಉಗುರಿನಿಂದ ತೀಡಿ, ಇಸ್ತ್ರಿ ಹಾಕಿದೆವು. ವಾಲಿದ ಜ್ವಾಲೆ ಹೊಲಿದೆ. ಆದರೂ ಹಳೆಯ ಜ್ವಾಲೆಯ ತುದಿ ಇದ್ದಲ್ಲಿ ಸಾಸಿವೆಯಷ್ಟು ಗುರುತು ಉಳಿಯಿತು. ಐವತ್ತೆರಡರಲ್ಲೂ.

ಶುಕ್ರವಾರ ಅವನು ಒಂದೊಂದನ್ನೂ ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಿ, "ಈಗ ಸರಿ ಉಂಟು" ಎಂದ. ಗುರುತು ಅವನ ಕಣ್ಣಿಗೆ ಬೀಳಲೇ ಇಲ್ಲ. ನಾನೇ ಬೆರಳಿಟ್ಟು ತೋರಿಸಿದೆ.

"ಇದು ನೋಡಿ. ನಾಳೆ ತಪ್ಪು ನನ್ನ ಮೇಲೆ ಹಾಕ್ಬೇಡಿ."

"ಅದು ದೂರಕ್ಕೆ ಕಾಣುದಿಲ್ಲ ಅಮ್ಮಾ."

"ಜ್ವಾಲೆ ನೇರ ಇದ್ದದ್ದು ದೂರಕ್ಕೆ ಕಾಣ್ತಿತ್ತಾ?"

ಅವನು ಗಂಟು ಎತ್ತಿಕೊಂಡು ಹೋದ. ಹುಡುಗಿಯರಿಗೆ ಕೋಟು ಸಿಕ್ಕಿತು, ಎಲ್ಲರೂ ಸಾಲಿನಲ್ಲಿ ನಿಂತರಂತೆ. ಆದರೆ ಹೀಗೆ ಗುರುತು ಉಳಿದ ಕೆಲಸ ನನ್ನ ಕೈಯಿಂದ ಹೊರಗೆ ಹೋದದ್ದು ಅದೇ ಮೊದಲು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.